ವ್ಯಾಕರಣೋದಾಹರಣೆಗಳ ಐತಿಹಾಸಿಕ ಪ್ರಾಮಾಣ್ಯ

ಪಾಣಿನಿಯ ಸೂತ್ರಗಳಿಂದ ಪ್ರಾಚೀನ ಭಾರತದ ಜನಪದ, ಗಣ, ನಾಣ್ಯ, ಕೃಷಿ ಮೊದಲಾದವುಗಳನ್ನು ಅರಿಯಬಹುದೆಂಬುದನ್ನು ವಾಸುದೇವಶರಣ ಅಗ್ರವಾಲರು 1953ರಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟರು. ಆದರೆ ವೃತ್ತಿಕಾರರು ಕೊಡುವ ಉದಾಹರಣೆಗಳಿಗೆಲ್ಲ ಒಂದೇ ಪ್ರಾಮಾಣ್ಯವಿಲ್ಲ.

ಲೋಕಪ್ರಸಿದ್ಧವಾದ, ಹೇಳುವವನು ಕಾಣಬಹುದಾಗಿದ್ದರೂ ಕಾಣದ ಘಟನೆಗೆ ಲಙ್ ಲಕಾರವು ಸಲ್ಲುವುದೆಂಬ ನಿಯಮವುಂಟು. ಪತಂಜಲಿಯು ಇದಕ್ಕೆ ಯವನನು ಸಾಕೇತವನ್ನು ಮುತ್ತಿದುದನ್ನು ಉದಾಹರಿಸುತ್ತಾನೆ. ಶಾಕಟಾಯನನಾದರೋ ತನ್ನ ಅಮೋಘವೃತ್ತಿಯಲ್ಲಿ ರಾಷ್ಟ್ರಕೂಟ ಅಮೋಘವರ್ಷನು (814–878) ಶತ್ರುಗಳನ್ನು ಸುಟ್ಟುದನ್ನು ಹೇಳುತ್ತಾನೆ. ನಿಯಮವೇ ಸಮಕಾಲೀನತೆಯನ್ನು ಬೇಡುವುದರಿಂದಲೂ ಉದಾಹರಣೆಯು ಹೊಸತಾದುದರಿಂದಲೂ ಇದು ಬಲವಾದ ಸಾಕ್ಷ್ಯ. ಕೆ. ಬಿ. ಪಾಠಕರು ಇದನ್ನು ಎತ್ತಿ ತೋರಿಸಿದುದು ಯುಕ್ತವೇ ಆಗಿದೆ.

ಪೂಜ್ಯಪಾದನ ಜೈನೇಂದ್ರ ವ್ಯಾಕರಣದ ವಿಷಯ ಹೀಗಲ್ಲ. ಮಹೇಂದ್ರನು ಮಥುರೆಯನ್ನು ಮುತ್ತಿದನೆಂಬ ಉದಾಹರಣೆಯಿಂದ, ಆ ಮಹೇಂದ್ರನು ಕುಮಾರಗುಪ್ತನೆಂದು ಹಿಡಿದು, ಸೂತ್ರಕಾರನ ಕಾಲವನ್ನು ಊಹಿಸಿದವರುಂಟು. ಆದರೆ ಆ ವಾಕ್ಯವಿರುವುದು ಎಷ್ಟೋ ಈಚಿನ ಅಭಯನಂದಿಯ ಮಹಾವೃತ್ತಿಯಲ್ಲಿ. ಅದು ಸೂತ್ರಕಾರನ ಕಾಲದಿಂದಲೇ ಇಳಿದು ಬಂದುದೆಂದು ಮೊದಲು ಸಾಧಿಸಬೇಕು.

ಲಕ್ಷ್ಮೇಶ್ವರದ, ಅಂದರೆ ಪ್ರಾಚೀನ ಪುಲಿಗೆರೆಯ, ಶಾಸನಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಶಂಖಬಸದಿಗೆ ಚಾಲುಕ್ಯ ವಿಜಯಾದಿತ್ಯನು 729ರಲ್ಲಿ ಕೊಟ್ಟ ದಾನವನ್ನು ಹೇಳುವ ಅದು ಉದಯದೇವ ಪಂಡಿತನನ್ನು ಪೂಜ್ಯಪಾದನ ಗೃಹಶಿಷ್ಯನೆನ್ನುತ್ತದೆ. ಕಲ್ಲಿನ ಬರವಣಿಗೆ ಅನಂತರ ಕಾಲದ್ದು. ವೈಯಾಕರಣನು 5–6ನೆಯ ಶತಮಾನದವನಾದರೆ ಈ ಗುರುವು ಬೇರೆಯವನಾಗಬೇಕು. ಹೆಸರಿನ ಸಾಮ್ಯವೊಂದೇ ಸಾಲದು.

ಆದುದರಿಂದ ಉದಾಹರಣೆಯು ಸೂತ್ರದ್ದೋ ವೃತ್ತಿಯದೋ, ನೂತನವೋ ಪರಂಪರಾಗತವೋ ಎಂಬುದನ್ನು ಮೊದಲು ವಿವೇಚಿಸಬೇಕು. ಚರಿತ್ರೆಯ ಮಾತು ಅನಂತರದ್ದು.