ಒಂದೇ ಟಿಕೆಟ್ಟಿನ ಗೆಳೆತನ: ಪ್ಯಾಟಿ ಸ್ಮಿತ್ ಅವರ ‘ಜಸ್ಟ್ ಕಿಡ್ಸ್’

ರಾಕ್ ಗಾಯಕಿಯೊಬ್ಬಳ ಆತ್ಮಕಥೆ ಎಂದರೆ ನಮ್ಮಲ್ಲಿ ಹಲವರು ಪುಸ್ತಕವನ್ನು ಕಪಾಟಿಗೆ ಮರಳಿಸಿಯಾರು. ಗದ್ದಲ, ಮಾದಕ ವಸ್ತು, ಅಂಕೆಯಿಲ್ಲದ ಬದುಕು ಇವಿಷ್ಟೇ ಇದ್ದೀತೆಂಬ ಊಹೆ. 2010ರಲ್ಲಿ ಪ್ರಕಟವಾಗಿ ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಪ್ಯಾಟಿ ಸ್ಮಿತ್ ಅವರ ‘ಜಸ್ಟ್ ಕಿಡ್ಸ್’ ಈ ಊಹೆಯನ್ನು ಪೂರ್ತಿ ಸುಳ್ಳು ಮಾಡುವುದಿಲ್ಲ. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವುದು ಬೇರೆಯೇ. ಅದಕ್ಕೆ ಕನ್ನಡದಲ್ಲಿ ಒಂದು ಹಳೆಯ ಪದವಿದೆ: ಋಣ.

1967ರ ಬೇಸಿಗೆಯಲ್ಲಿ ಇಪ್ಪತ್ತು ವರ್ಷದ ಪ್ಯಾಟಿ ನ್ಯೂಜೆರ್ಸಿಯ ಮನೆ ಬಿಟ್ಟು ನ್ಯೂಯಾರ್ಕಿಗೆ ಹೊರಡುತ್ತಾಳೆ. ಬಸ್ಸಿನ ದರ ಏರಿದೆ, ಕೈಯಲ್ಲಿ ಅಷ್ಟು ಹಣವಿಲ್ಲ. ಫೋನ್ ಬೂತಿನಲ್ಲಿ ಯಾರೋ ಮರೆತುಹೋದ ಪರ್ಸಿನಲ್ಲಿ 32 ಡಾಲರ್ ಸಿಗುತ್ತದೆ, ಅದರಿಂದಲೇ ಪ್ರಯಾಣ. ಬ್ರೂಕ್ಲಿನ್‌ನಲ್ಲಿ ಅವಳದೇ ವಯಸ್ಸಿನ ರಾಬರ್ಟ್ ಮೇಪಲ್‌ಥಾರ್ಪ್ ಜೊತೆಯಾಗುತ್ತಾನೆ. ಮುಂದೆ ಅವನು ಛಾಯಾಗ್ರಾಹಕನಾಗಿ, ಅವಳು ಗಾಯಕಿಯಾಗಿ ಹೆಸರು ಮಾಡಿದರು. ಆಗ ಇಬ್ಬರಿಗೂ ಅದರ ಅರಿವಿಲ್ಲ. ಅವಳು ಪುಸ್ತಕದಂಗಡಿಯಲ್ಲಿ ದುಡಿದು ತರುತ್ತಾಳೆ, ಅವನು ಚಿತ್ರ ಬರೆಯುತ್ತಾನೆ. 1969ರಲ್ಲಿ ಚೆಲ್ಸೀ ಹೋಟೆಲಿನ ಅತಿ ಸಣ್ಣ ಕೋಣೆ, 1017, ಇಬ್ಬರ ಮನೆಯಾಗುತ್ತದೆ.

ಪುಸ್ತಕದ ಜೀವ ಒಂದು ಸಣ್ಣ ಪ್ರಸಂಗದಲ್ಲಿದೆ. ಮ್ಯೂಸಿಯಮ್ಮಿಗೆ ಹೋದರೆ ಇಬ್ಬರ ಬಳಿ ಒಂದೇ ಟಿಕೆಟ್ಟಿಗೆ ಸಾಲುವಷ್ಟು ಹಣ. ಒಬ್ಬರು ಒಳಗೆ ಹೋಗಿ ನೋಡಿಬಂದು, ಹೊರಗೆ ಕಾದಿದ್ದವರಿಗೆ ಕಂಡದ್ದನ್ನೆಲ್ಲ ಹೇಳಬೇಕು. ಒಂದು ದಿನ ಇಬ್ಬರೂ ಒಟ್ಟಿಗೆ ಒಳಗೆ ಹೋಗುತ್ತೇವೆ, ಗೋಡೆಯ ಮೇಲೆ ನಮ್ಮದೇ ಕೃತಿಗಳಿರುತ್ತವೆ ಎಂದು ವಿಟ್ನಿ ಮ್ಯೂಸಿಯಮ್ಮಿನ ಹೊರಗೆ ರಾಬರ್ಟ್ ಹೇಳುತ್ತಾನೆ. 1988ರಲ್ಲಿ ಅದೇ ವಿಟ್ನಿಯಲ್ಲಿ ಅವನ ಛಾಯಾಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. 1989ರ ಮಾರ್ಚಿಯಲ್ಲಿ ಏಡ್ಸ್ ಅವನನ್ನು ಕೊಂಡೊಯ್ದಿತು. ನಮ್ಮ ಕಥೆ ಬರೆಯುವೆಯಾ ಎಂದು ಅವನು ಕೇಳಿದ್ದ. ಬರೆದು ಮುಗಿಸಲು ಅವಳಿಗೆ ಇಪ್ಪತ್ತು ವರ್ಷ ಬೇಕಾಯಿತು. ಈ ಪುಸ್ತಕವೂ ಆ ಟಿಕೆಟ್ಟಿನ ಮುಂದುವರಿಕೆಯೇ: ಒಳಗೆ ಹೋಗಿ ಬಂದವಳು ಹೊರಗೆ ನಿಂತ ನಮಗೆ ಕಂಡದ್ದನ್ನು ಹೇಳುತ್ತಿದ್ದಾಳೆ.

ಇಬ್ಬರ ಸಂಬಂಧ ಪ್ರೇಮದಿಂದ ಆರಂಭವಾಗುತ್ತದೆ. ತನ್ನ ಒಲವು ಗಂಡಸರ ಕಡೆಗೆ ಎಂದು ರಾಬರ್ಟ್ ಕಂಡುಕೊಂಡ ಮೇಲೂ ಅದು ಮುರಿಯುವುದಿಲ್ಲ, ರೂಪ ಬದಲಿಸುತ್ತದೆ. 1975ರ ಅವಳ ಮೊದಲ ಆಲ್ಬಂ ‘ಹಾರ್ಸಸ್’ನ ಮುಖಪುಟದ ಚಿತ್ರ ಅವನೇ ತೆಗೆದದ್ದು. ಗಂಡ, ಪ್ರಿಯಕರ, ಗೆಳೆಯ ಎಂಬ ನಮ್ಮ ಪರಿಚಿತ ಪೆಟ್ಟಿಗೆಗಳಲ್ಲಿ ಯಾವುದೂ ಈ ನಂಟಿಗೆ ಸಾಲದು.

ಟೆಕ್ಸಸ್‌ನಲ್ಲಿ ನೆಲೆಸಿದ ನಮಗೆ ಇನ್ನೊಂದು ಎಳೆಯೂ ಸಿಗುತ್ತದೆ. ನಮ್ಮ ಹ್ಯೂಸ್ಟನ್ನಿನ ಪೂರ್ವಕ್ಕಿರುವ ಪೋರ್ಟ್ ಆರ್ಥರ್ ಊರಿನ ಜಾನಿಸ್ ಜಾಪ್ಲಿನ್, ಆಸ್ಟಿನ್‌ನಲ್ಲಿ ಓದುತ್ತಾ ಹಾಡತೊಡಗಿದವಳು, ಚೆಲ್ಸೀ ಹೋಟೆಲಿನಲ್ಲಿ ಪ್ಯಾಟಿಗೆ ಸಿಗುತ್ತಾಳೆ. ಸಾವಿರಾರು ಜನರ ಚಪ್ಪಾಳೆಯ ನಂತರವೂ ಒಂಟಿಯಾಗಿದ್ದ ಅವಳಿಗಾಗಿ ಪ್ಯಾಟಿ ಒಂದು ಹಾಡು ಕಟ್ಟುತ್ತಾಳೆ. 1970ರ ಅಕ್ಟೋಬರಿನಲ್ಲಿ ಜಾನಿಸ್ ತೀರಿಕೊಂಡಳು. ಅವಳಿಗೆ ಇಲ್ಲದಿದ್ದುದು ಪ್ರತಿಭೆಯಲ್ಲ, ಹೊರಗೆ ಕಾಯುವ ಒಬ್ಬ ಜೊತೆಗಾರ.

ಕನ್ನಡದ ಓದುಗರಿಗೆ ಇಲ್ಲಿ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ನೆನಪಾದರೆ ಆಶ್ಚರ್ಯವಿಲ್ಲ. ಅವರೂ ಕಲೆಗಾಗಿ ಮುಂಬಯಿಯೆಂಬ ಮಹಾನಗರಕ್ಕೆ ಹೋದವರು. ಮಂಜಿ ಖಾನರು ಬೇಗ ತೀರಿಕೊಂಡಾಗ ಅನಾಥಭಾವ ಅನುಭವಿಸಿ, ಭುರ್ಜಿ ಖಾನರಲ್ಲಿ ಮುಂದಿನ ದಾರಿ ಕಂಡವರು. ಅಲ್ಲಿ ಋಣ ಗುರುವಿಗೆ ಸಲ್ಲುತ್ತದೆ. ಇಲ್ಲಿ, ತನ್ನಷ್ಟೇ ಏನೂ ತಿಳಿಯದ ಸಮವಯಸ್ಕನಿಗೆ. ನಮ್ಮ ಕಲಾವಿದರ ಆತ್ಮಕಥೆಗಳಲ್ಲಿ ಗುರುವಿಗೆ ಸಿಕ್ಕ ಪುಟಗಳು ಹರೆಯದ ಜೊತೆಗಾರರಿಗೆ ಸಿಕ್ಕಿದ್ದು ಕಡಿಮೆ.

ತಕರಾರುಗಳೂ ಇವೆ. ಹಸಿವು ಈ ಪುಸ್ತಕದಲ್ಲಿ ಅತಿ ಸುಂದರವಾಗಿ ಕಾಣುತ್ತದೆ. ಆಟೋಮ್ಯಾಟ್‌ನಲ್ಲಿ ಸ್ಯಾಂಡ್‌ವಿಚ್ಚಿಗೆ ಹತ್ತು ಸೆಂಟ್ ಕಡಿಮೆಯಾದಾಗ ಕೊಡಲು ಮುಂದೆ ಬರುವವನು ಕವಿ ಅಲೆನ್ ಗಿನ್ಸ್‌ಬರ್ಗ್! ಎಲ್ಲ ಹಸಿದವರಿಗೂ ಕವಿಗಳು ಎದುರಾಗುವುದಿಲ್ಲ. ನ್ಯೂಯಾರ್ಕಿಗೆ ಬರುವ ಮುಂಚೆ ಹೆತ್ತು ದತ್ತು ಕೊಟ್ಟ ಮಗುವಿನ ನೋವು ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಒಬ್ಬರ ಋಣ ತೀರಿಸುವ ಭರದಲ್ಲಿ ಉಳಿದವರ ಲೆಕ್ಕ ಹಿಂದೆ ಸರಿದಿದೆ.

ಆದರೂ ವಲಸೆ ಬಂದ ನಾವು ಓದಲೇಬೇಕಾದ ಪುಸ್ತಕವಿದು. ಎಂಟು ಡಾಲರ್ ಹಿಡಿದು ಬಂದು ನೆಲೆಯೂರಿದ ಕಥೆಗಳನ್ನು ಮೊದಲ ತಲೆಮಾರಿನವರಿಂದ ನಾವೆಲ್ಲ ಕೇಳಿದ್ದೇವೆ. ಅವುಗಳಲ್ಲಿ ನಾಯಕನಿದ್ದಾನೆ, ಕಷ್ಟವಿದೆ, ಕೊನೆಗೆ ಲೂಯಿಸ್‌ವಿಲ್‌ನಂಥ ಊರಿನಲ್ಲೊಂದು ಮನೆಯಿದೆ. ಕೋಣೆ ಹಂಚಿಕೊಂಡವರು, ಬಾಡಿಗೆಗೆ ಹಣ ಸಾಲದಾಗ ಕೊಟ್ಟವರು, ಊರಿಗೆ ಮರಳಿದವರು, ತೀರಿಕೊಂಡವರು ಎಲ್ಲಿ? ಪ್ಯಾಟಿ ಸ್ಮಿತ್ ತನ್ನ ಗೆಲುವಿನ ಕಥೆಯನ್ನು ಬರೆಯಬಹುದಿತ್ತು. ಬರೆದದ್ದು ಗೆಲುವಿಗೆ ಮುಂಚೆ ಜೊತೆಗಿದ್ದವನ ಕಥೆಯನ್ನು. ನಮ್ಮ ನೆನಪಿನ ಬರಹಗಳೂ ಆ ಕಡೆಗೊಮ್ಮೆ ತಿರುಗಲಿ.