ಚಿತ್ರ ತೋರಿಸಿದರೆ ಸಾಕೆ?

ನಿಮ್ಮ ಮನೆಯಲ್ಲಿ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಓದುವ ಮಗುವಿದ್ದರೆ, ಹತ್ತಿರ ಕರೆದು ಒಂದು ಪ್ರಶ್ನೆ ಕೇಳಿ: “ಐತಿಹಾಸಿಕ ಸ್ಥಳ ಎಂದರೆ ಯಾವುದು ಮಗು?” ತಾಜಮಹಲ್ ಎಂದೋ ಕೆಂಪುಕೋಟೆ ಎಂದೋ ಉತ್ತರ ಬಂದೀತು. ಉತ್ತರ ತಪ್ಪಲ್ಲ. ಪುಸ್ತಕದಲ್ಲಿ, ಗೋಡೆಯ ಚಾರ್ಟಿನಲ್ಲಿ, ಈಗ ಮೊಬೈಲಿನ ಪರದೆಯಲ್ಲಿ ಮಗು ಕಂಡಿರುವುದು ಅವನ್ನೇ. ಆದರೆ ಆ ಮಗು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಬೆಳೆಯುತ್ತಿದ್ದರೆ? ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವೊಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಬಂಡೆಯ ಮೇಲೆ ನಿಂತಿದೆ. ದೆಹಲಿಯ ಕೋಟೆಯನ್ನು ಬಲ್ಲ ಮಗುವಿಗೆ ತನ್ನ ನೆರೆಯ ಬಂಡೆ ಅಪರಿಚಿತವಾಗಿ ಉಳಿದರೆ, ನಮ್ಮ ಪಾಠದ ಕ್ರಮದಲ್ಲಿ ಏನೋ ಕೊರತೆ ಇದೆ ಎಂದೇ ಅರ್ಥ.

ಇಂದು ಎಲ್ಲೆಡೆ ಕೇಳಿಬರುವ ಮಾತು, ಸಮಾಜ ಪಾಠ ನೀರಸ. ಚಿತ್ರ ತೋರಿಸಿ, ವಿಡಿಯೋ ತೋರಿಸಿ, ಮಕ್ಕಳು ತಾವಾಗಿಯೇ ಕಲಿಯುತ್ತಾರೆ ಎಂಬುದು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಕುರಿತು ತಂದೆತಾಯಂದಿರಾದ ನಾವು ಯೋಚಿಸಬೇಕಾಗಿದೆ.

ಹಳೆಯದೊಂದು ಪುಸ್ತಕ

ಮಕ್ಕಳ ಕಲಿಕೆಗಾಗಿ ಚಿತ್ರಗಳನ್ನು ವ್ಯವಸ್ಥಿತವಾಗಿ ಬಳಸಿದ ಮೊದಲ ಪ್ರಸಿದ್ಧ ಪಠ್ಯಪುಸ್ತಕ ‘ಓರ್ಬಿಸ್ ಪಿಕ್ಟಸ್’. ಅದು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಅದನ್ನು ರಚಿಸಿದ ಜಾನ್ ಅಮೋಸ್ ಕೊಮೆನಿಯಸ್ ಒಂದು ಸಣ್ಣ ಕ್ರೈಸ್ತ ಸಮುದಾಯದ ಧರ್ಮಾಧ್ಯಕ್ಷರು. ಯುದ್ಧ ಮತ್ತು ಮತೀಯ ಹಿಂಸೆಯಿಂದಾಗಿ ಸ್ವದೇಶವನ್ನು ತೊರೆದು ಬದುಕಿನ ಬಹುಭಾಗವನ್ನು ಪರಸ್ಥಳಗಳಲ್ಲಿ ಕಳೆದವರು. ಆ ಪುಸ್ತಕದಲ್ಲಿ ರೊಟ್ಟಿ ಸುಡುವವನಿದ್ದಾನೆ, ನೇಯುವವನಿದ್ದಾನೆ, ಹೊಲಿಯುವವನಿದ್ದಾನೆ, ಶಾಲೆಯಿದೆ, ನಗರವಿದೆ. ಚಿತ್ರದ ಒಂದೊಂದು ಭಾಗಕ್ಕೂ ಒಂದು ಅಂಕಿ; ಅದೇ ಅಂಕಿ ಪಕ್ಕದ ಬರಹದಲ್ಲಿಯೂ ಇದೆ. ಮಗು ಚಿತ್ರವನ್ನು ನೋಡಿ ಅಂಕಿಯನ್ನು ಹುಡುಕಬೇಕು, ಬರಹಕ್ಕೆ ಹೋಗಬೇಕು, ಮತ್ತೆ ಚಿತ್ರಕ್ಕೆ ಮರಳಬೇಕು. ಅಂದರೆ ಅಲ್ಲಿ ಚಿತ್ರವೆಂಬುದು ಬರಿಯ ಅಲಂಕಾರವಲ್ಲ. ಅದು ಮಗುವಿನ ಕಣ್ಣಿಗೂ ಬುದ್ಧಿಗೂ ಕೊಟ್ಟ ಕೆಲಸ.

ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ರೂಪಿಸಿದಾಗ, ನಮ್ಮ ಮಕ್ಕಳಿಗೂ ಜಗತ್ತನ್ನು ಕಣ್ಣಾರೆ ಕಾಣಿಸಬೇಕೆಂಬ ಹಂಬಲವೇ ಅವರಲ್ಲಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ಯೂ ಇದೇ ದಾರಿಯದು. ಪ್ರಾಣಿಪಕ್ಷಿಗಳ ಗುರುತುಳ್ಳ ಕಾರ್ಡುಗಳನ್ನು ಮಗು ತಾನೇ ಆಯ್ದುಕೊಂಡು, ಮೆಟ್ಟಿಲು ಮೆಟ್ಟಿಲಾಗಿ, ತನ್ನದೇ ವೇಗದಲ್ಲಿ ಮುಂದೆ ಸಾಗುವ ಕ್ರಮ ಅದು. ಈ ಕೊನೆಯ ಅಂಶವನ್ನು ನೆನಪಿನಲ್ಲಿಡಿ: ತನ್ನದೇ ವೇಗದಲ್ಲಿ.

ಪರದೆ ಬಂದ ಮೇಲೆ

2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದವು. 2017ರಲ್ಲಿ ‘ದೀಕ್ಷಾ’ ಬಂದಿತು. ಆಮೇಲೆ ಪಠ್ಯಪುಸ್ತಕದ ಪುಟದಲ್ಲಿರುವ ಕ್ಯೂಆರ್ ಚೌಕಕ್ಕೆ ಮೊಬೈಲು ಹಿಡಿದರೆ ಪಾಠದ ವಿಡಿಯೋ ತೆರೆದುಕೊಳ್ಳುವಂತಾಯಿತು. 2020ರ ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯೇ ಹಲವು ಮಕ್ಕಳಿಗೆ ತರಗತಿಯಾಯಿತು. ಇವೆಲ್ಲವೂ ಉಪಕಾರಗಳೇ. ಸಮುದ್ರವನ್ನು ಕಾಣದ ಬಯಲುಸೀಮೆಯ ಮಗುವಿಗೆ ಅಲೆಯ ಏರಿಳಿತವನ್ನು ತೋರಿಸಲು ಯಾವ ಶಿಕ್ಷಕರ ಮಾತೂ ಒಂದು ನಿಮಿಷದ ವಿಡಿಯೋಗೆ ಸಮನಾಗದು.

ಆದರೆ ವಿಡಿಯೋಗೆ ಒಂದು ದೋಷವಿದೆ: ಅದು ಕಾಯುವುದಿಲ್ಲ. ಚಿತ್ರಪುಸ್ತಕದ ಪುಟದ ಮೇಲೆ ಮಗು ಬೆರಳಿಟ್ಟು, “ಈ ಅಜ್ಜಿ ಯಾಕೆ ಬರಿಗಾಲಲ್ಲಿ ನಿಂತಿದ್ದಾಳೆ?” ಎಂದು ಕೇಳಬಹುದು. ಪುಟ ಅಲ್ಲಿಯೇ ಇರುತ್ತದೆ. ತಾಯಿ ಉತ್ತರಿಸುವವರೆಗೂ ಇರುತ್ತದೆ. ಪರದೆಯ ಅಜ್ಜಿಯಾದರೋ ಆ ಹೊತ್ತಿಗೆ ಸರಿದುಹೋಗಿರುತ್ತಾಳೆ. ಸಮಾಜ ಪಾಠದ ಜೀವವಿರುವುದು ಆ ‘ಯಾಕೆ’ಯಲ್ಲಿ. ಯಾಕೆ ಎಂದು ಕೇಳಲು ಬಿಡುವು ಕೊಡದ ಸಾಧನ ಮಾಹಿತಿಯನ್ನು ಕೊಡಬಲ್ಲದು, ವಿವೇಕವನ್ನು ಕೊಡಲಾರದು. ಶಿಕ್ಷಕರು ವಿಡಿಯೋವನ್ನು ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರೆ ಮಾತ್ರ ಅದು ಪಾಠವಾಗುತ್ತದೆ. ಹಚ್ಚಿಟ್ಟು ಬೇರೆ ಕೆಲಸಕ್ಕೆ ಹೋದರೆ ಅದು ಕಾಲಹರಣ.

ಚಿತ್ರದಲ್ಲಿ ಇಲ್ಲದವರು

ಹಾಗೆಂದು ಅಚ್ಚಾದ ಚಿತ್ರವೆಲ್ಲ ಒಳ್ಳೆಯದೆಂದಲ್ಲ. ಪುಸ್ತಕದ ಅಂಗಡಿಗಳಲ್ಲಿ ದೊರೆಯುವ ‘ನಮ್ಮ ಸಹಾಯಕರು’ ಎಂಬ ಚಾರ್ಟನ್ನು ಒಮ್ಮೆ ಗಮನವಿಟ್ಟು ನೋಡಿ. ವೈದ್ಯ, ಪೊಲೀಸ್, ಅಂಚೆಯವ, ಬಡಗಿ, ಕುಂಬಾರ, ಒಬ್ಬೊಬ್ಬರಿಗೂ ಒಂದೊಂದು ಚೌಕ. ಚೌಕದಿಂದ ಚೌಕಕ್ಕೆ ದಾರಿಯೇ ಇಲ್ಲ. ಕುಂಬಾರನ ಮಗಳು ವೈದ್ಯೆಯಾಗಬಹುದೆಂದಾಗಲಿ, ಬಡಗಿ ಮಾಡಿದ ಮಂಚದ ಮೇಲೆಯೇ ಪೊಲೀಸನು ಮಲಗುತ್ತಾನೆಂದಾಗಲಿ ಚಾರ್ಟು ಹೇಳುವುದಿಲ್ಲ. ‘ನಮ್ಮ ಕುಟುಂಬ’ ಎಂಬ ಚಿತ್ರದಲ್ಲಿ ತಂದೆ ಪತ್ರಿಕೆ ಓದುತ್ತಾನೆ, ತಾಯಿ ಅಡುಗೆಮನೆಯಲ್ಲಿರುತ್ತಾಳೆ. ತಾಯಿ ಕಡಲೆಕಾಯಿ ಕೀಳುವ ಕೂಲಿಗೆ ಹೋಗುವ ಮನೆಯ ಮಗು ಆ ಚಿತ್ರವನ್ನು ನೋಡಿ ಏನೆಂದುಕೊಳ್ಳಬೇಕು? ನಮ್ಮದು ಸರಿಯಾದ ಕುಟುಂಬವಲ್ಲವೇನೋ ಎಂದೇ? ಸಮಾಜ ಪಾಠದ ಚಿತ್ರ ಮಾಡಬಹುದಾದ ಅತಿ ದೊಡ್ಡ ಅನ್ಯಾಯವಿದು. ಅದು ಮಗುವಿಗೆ ತನ್ನ ಮನೆಯ ಬಗ್ಗೆ ನಾಚಿಕೆಯನ್ನು ಕಲಿಸುತ್ತದೆ.

ಈ ತಪ್ಪಿನಿಂದ ನಾವೂ ಹೊರತಲ್ಲ. ನಮ್ಮ ಸತ್ಯೋಪದೇಶ ತರಗತಿಗಳಲ್ಲಿ ತೋರಿಸುವ ಒಳ್ಳೆಯ ಕುರುಬನ ಚಿತ್ರವನ್ನು ನೆನೆಯಿರಿ. ಬೆಳ್ಳನೆಯ ಕುರಿಮರಿ, ಹಸುರು ಹುಲ್ಲುಗಾವಲು, ಬಿಳಿ ನಿಲುವಂಗಿ. ಚಳ್ಳಕೆರೆಯ ಮಗು ಬಲ್ಲ ಕುರುಬನೇ ಬೇರೆ. ಅವನ ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲಿ ಕೋಲು, ಕಾಲಡಿಯಲ್ಲಿ ಒಣಗಿದ ಕಾವಲು. ಮೇವು ಹುಡುಕಿಕೊಂಡು ಮಂದೆಯೊಡನೆ ಊರೂರು ಅಲೆದು, ರಾತ್ರಿ ಹೊಲದಲ್ಲಿಯೇ ಮಲಗುವವನು ಅವನು. ಸುವಾರ್ತೆಯ ಕುರುಬನಿಗೆ ಯಾರು ಹೆಚ್ಚು ಹತ್ತಿರ, ಮುದ್ರಿತ ಚಿತ್ರದವನೋ, ಈ ನಮ್ಮ ನೆರೆಯವನೋ? ಚಿತ್ರದಿಂದ ಕಣ್ಣೆತ್ತಿ ಕಿಟಕಿಯಾಚೆ ನೋಡುವಂತೆ ಹೇಳಿದರೆ ಮಗು ತಾನೇ ಉತ್ತರ ಕೊಟ್ಟೀತು.

ಊರೇ ಪುಸ್ತಕವಾದರೆ

ನಾಯಕನಹಟ್ಟಿಯ ಹೆಸರಿನಿಂದಲೇ ಪಾಠವನ್ನು ಆರಂಭಿಸಬಹುದು. ಹಟ್ಟಿ ಎಂದರೆ ದನಕರುಗಳನ್ನು ಸಾಕುವವರ ನೆಲೆ. ಈ ಸೀಮೆಯಲ್ಲಿ ಇಷ್ಟೊಂದು ಹಟ್ಟಿಗಳೇಕೆ? ಮ್ಯಾಸಬೇಡರು, ಕಾಡುಗೊಲ್ಲರು ದೇವರ ಎತ್ತುಗಳನ್ನು ಇಂದಿಗೂ ಭಕ್ತಿಯಿಂದ ಸಾಕುವುದೇಕೆ? ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೇ? ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಆ ಸಂತರು ಕೆರೆಗಳನ್ನು ಕಟ್ಟಿಸಿದರೆಂದು ಜನ ನಂಬಿಕೊಂಡು ಬಂದಿದ್ದಾರೆ. ಮಳೆಯಿಲ್ಲದ ನಾಡಿನಲ್ಲಿ ಕೆರೆ ಕಟ್ಟಿಸಿದವರನ್ನು ಜನ ಶತಮಾನಗಳ ಕಾಲ ನೆನೆಯುವುದೇಕೆಂದು ಕೇಳಿದರೆ ಭೂಗೋಳ, ಇತಿಹಾಸ, ನೀತಿ ಮೂರೂ ಒಂದೇ ಪಾಠದಲ್ಲಿ ಕೂಡಿಕೊಳ್ಳುತ್ತವೆ.

ಬ್ರಹ್ಮಗಿರಿಯ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಅದು ಆರಂಭವಾಗುವುದು ಒಂದು ಪತ್ರದ ಹಾಗೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ, ಮೊದಲು ಕ್ಷೇಮ ಸಮಾಚಾರ, ಆಮೇಲೆ ರಾಜಾಜ್ಞೆ. ತಾಯಿತಂದೆಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಅದರಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನು ಬರೆದಿದ್ದಾನೆ. ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಎಲ್ಲಿಂದಲೋ ನಮ್ಮ ಸೀಮೆಗೆ ಬಂದ ಆ ಬರಹಗಾರನ ಕಥೆಯನ್ನು ಕೇಳಿ ಕಣ್ಣರಳಿಸದ ಮಗುವುಂಟೆ? ಅಶೋಕನ ಪಾಠಕ್ಕೆ ಪರದೆಯ ಮೇಲೆ ಸಾರನಾಥದ ಸಿಂಹಗಳನ್ನು ತೋರಿಸುವ ಮುನ್ನ ಈ ಬಂಡೆಯ ಬಳಿಗೆ ಮಕ್ಕಳನ್ನು ಕರೆದೊಯ್ಯಬೇಡವೆ?

ಇತ್ತೀಚಿನ ಇತಿಹಾಸವೂ ಇಲ್ಲಿಯೇ ಇದೆ. ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಚಳ್ಳಕೆರೆಯ ಪರೀಕ್ಷಾ ವಲಯದ ಓಡುದಾರಿಯಲ್ಲಿ 2023 ಮತ್ತು 2024ರಲ್ಲಿ ಇಸ್ರೋದ ಮರುಬಳಕೆಯ ವಾಹನ ತಾನಾಗಿಯೇ ಇಳಿಯಿತು. ಇದು ಹೆಮ್ಮೆಯ ವಿಷಯ. ಅದೇ ನೆಲ ಒಂದು ಕಾಲದಲ್ಲಿ ಅಮೃತಮಹಲ್ ಕಾವಲು. ಬೇಲಿ ಬಂದಾಗ ಮೇವಿನ ನೆಲವನ್ನು ಕಳೆದುಕೊಂಡ ಹಳ್ಳಿಗರು ನ್ಯಾಯಾಲಯದ ಬಾಗಿಲು ತಟ್ಟಿದರು. ಇದೂ ಸತ್ಯ. ಎರಡನ್ನೂ ಮಗುವಿನ ಮುಂದಿಟ್ಟು, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳುವುದೇ ಪೌರನೀತಿಯ ಮೊದಲ ಪಾಠ.

ಯಂತ್ರಕ್ಕೆ ಇಲ್ಲಿ ಕೆಲಸವಿಲ್ಲವೇ? ಖಂಡಿತ ಇದೆ, ಆದರೆ ಅದನ್ನು ತಿರುಗಿಸಿ ಹಿಡಿಯಬೇಕು. ಮೊಬೈಲು ಮಗುವಿಗೆ ತೋರಿಸುವ ಸಾಧನವಾಗಿದ್ದದ್ದು ಮಗು ನೋಡುವ ಸಾಧನವಾಗಲಿ. ಮಕ್ಕಳು ಕೆರೆಯ ಏರಿಯನ್ನು, ಮೊಳಕಾಲ್ಮೂರಿನ ರೇಷ್ಮೆಯ ಮಗ್ಗವನ್ನು, ಕಂಬಳಿ ನೇಯುವ ಅಜ್ಜನ ಕೈಗಳನ್ನು ಅವರ ಒಪ್ಪಿಗೆ ಪಡೆದು ಛಾಯಾಚಿತ್ರ ತೆಗೆಯಲಿ. ಅಜ್ಜನ ಮಾತನ್ನು ದಾಖಲಿಸಿಕೊಳ್ಳಲಿ. ಚಿತ್ರದ ಕೆಳಗೆ ತಮ್ಮದೇ ಎರಡು ಸಾಲು ಬರೆಯಲಿ. ಹೊಲಿದು ಸೇರಿಸಿದ ಹತ್ತು ಹಾಳೆ ಆ ಶಾಲೆಯ ಸ್ವಂತ ಚಿತ್ರಪುಸ್ತಕವಾಗುತ್ತದೆ. ಓದಲು ಬೇರೆ ಪುಸ್ತಕ ಬೇಕಾದರೆ, ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಭಂಡಾರದಲ್ಲಿ ಕನ್ನಡದ ಸಚಿತ್ರ ಕಥೆಗಳು ಉಚಿತವಾಗಿ ದೊರೆಯುತ್ತವೆ; ಅವನ್ನು ಮುದ್ರಿಸಿಕೊಳ್ಳಲೂ ಅನುಮತಿಯಿದೆ.

ಓದುಗರೇ, ಶಾಲೆಯನ್ನಷ್ಟೇ ದೂರಿ ನಾವು ಪಾರಾಗಲಾಗದು. ಸಂಜೆ ಮಗು ಹಟ ಮಾಡಿದಾಗ ಸುಮ್ಮನಿರಲೆಂದು ಮೊಬೈಲನ್ನು ಕೈಗಿಡುವವರು ನಾವೇ ಅಲ್ಲವೆ? ವಾರಕ್ಕೊಂದು ಸಂಜೆ, ಒಂದು ಚಿತ್ರಪುಸ್ತಕದ ಒಂದೇ ಪುಟವನ್ನು ಮಗುವಿನೊಡನೆ ಕುಳಿತು ನೋಡೋಣ. ಅದು ಕೇಳುವ ಪ್ರಶ್ನೆಗಳಿಗೆ ಕಾಯೋಣ. ಭಾನುವಾರ ಪೂಜೆ ಮುಗಿಸಿ ಬರುವಾಗ ಕೆರೆಯ ದಾರಿಯಲ್ಲಿ ನಡೆದು ಬರೋಣ. ಇನ್ನೊಬ್ಬರ ಬದುಕನ್ನು ಗಮನವಿಟ್ಟು ನೋಡಲು ಕಲಿತ ಮಗುವೇ ನಾಳೆ ಒಳ್ಳೆಯ ನೆರೆಯವನಾಗುತ್ತದೆ. ಸಮಾಜ ಪಾಠದ ಗುರಿ ಅದಲ್ಲದೆ ಮತ್ತೇನು?