ಮಾಪಕವನ್ನು ಮೆಚ್ಚಿಸುವ ವಿದ್ಯೆ

ಎಲ್‌ಇಡಿ ಡ್ರೈವರ್‌ಗಳ ರೇಡಿಯೊ ಗದ್ದಲ ತಗ್ಗಿಸುವ ಉಪಾಯಗಳಲ್ಲಿ ‘ಸ್ಪ್ರೆಡ್ ಸ್ಪೆಕ್ಟ್ರಮ್’ಗೆ ಸಿಕ್ಕಿರುವ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. ಸ್ವಿಚಿಂಗ್ ಆವರ್ತನವನ್ನು ಒಂದೆಡೆ ನಿಲ್ಲಲು ಬಿಡದೆ ಆಚೀಚೆ ಓಲಾಡಿಸುವ ಈ ಸೌಲಭ್ಯ ಚಿಪ್‌ನೊಳಗೇ ಬರುತ್ತದೆ. ಬೇರೆ ಖರ್ಚಿಲ್ಲ, ಪ್ರಯೋಗಾಲಯದ ಗ್ರಾಫಿನಲ್ಲಿ ಶಿಖರಗಳೂ ಇಳಿಯುತ್ತವೆ. ಆದರೆ ಇಳಿದದ್ದು ಶಿಖರವೇ ಹೊರತು ಗದ್ದಲವಲ್ಲ.

ಲೆಕ್ಕ ಹಾಕಿ ನೋಡೋಣ. ಡ್ರೈವರ್ 68 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತದೆ ಎನ್ನೋಣ. ಅದರ ಒಂಬತ್ತನೆಯ ಹಾರ್ಮೋನಿಕ್ 612. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗವೂ ಅದೇ. ಆವರ್ತನವನ್ನು ಶೇ. 4ರಷ್ಟು ಆಚೀಚೆ ಓಲಾಡಿಸಿದರೆ ಮೂಲದಲ್ಲಿ ಸರಿದಾಟ ಪ್ರತಿ ಬದಿಗೆ ಮೂರು ಕಿಲೋಹರ್ಟ್ಸ್‌ಗೂ ಕಡಿಮೆ. ಹಾರ್ಮೋನಿಕ್ ಏರಿದಂತೆ ಅದೂ ಹಿಗ್ಗುವುದರಿಂದ, 612ರ ಸುತ್ತ ಸುಮಾರು 49 ಕಿಲೋಹರ್ಟ್ಸ್ ಅಗಲಕ್ಕೆ ಗದ್ದಲ ಹರಡುತ್ತದೆ. ಈ ವಲಯದಲ್ಲಿ, ದೀಪಗಳ ರೇಡಿಯೊ ಗದ್ದಲದ ಮಾನದಂಡವಾದ ಸಿಐಎಸ್‌ಪಿಆರ್ 15ರ ಮಾಪಕ ನೋಡುವುದು 9 ಕಿಲೋಹರ್ಟ್ಸ್‌ನ ಕಿಂಡಿಯಿಂದ. ಆದ್ದರಿಂದ ಅದರ ಓದು ಇಳಿಯುತ್ತದೆ. ನಮ್ಮ ಮಧ್ಯಮ ತರಂಗದ ಚಾನೆಲ್‌ಗಳ ಅಂತರವೂ 9 ಕಿಲೋಹರ್ಟ್ಸ್. ಅಂದರೆ ಒಂದು ಚಾನೆಲ್‌ನ ತೊಂದರೆ ಐದಕ್ಕೆ ಹಂಚಿಹೋಯಿತು. ಈ ಓಲಾಟ ಸೆಕೆಂಡಿಗೆ ಕೆಲವು ನೂರು ಸಲ ನಡೆಯುವಂತಿದ್ದರೆ, ಮೊದಲು ಸಿಳ್ಳೆಯಾಗಿ ಕೇಳುತ್ತಿದ್ದದ್ದು ಈಗ ಗುಂಯ್‌ಗುಡುತ್ತದೆ.

ಇದೆಲ್ಲ ಬರೀ ಮೋಸ ಎನ್ನುವವರಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ಗದ್ದಲದ ಗೆರೆ ನೇರವಾಗಿ ಬಂದು ಬಿದ್ದಿದ್ದ ಕಿರಿದಾದ ರಿಸೀವರ್‌ಗೆ ಇದರಿಂದ ನಿಜವಾದ ಲಾಭವಿದೆ. ಇನ್ನು ಕೆಲವರ ವಾದ: ಮಧ್ಯಮ ತರಂಗವನ್ನು ಈಗ ಯಾರು ಕೇಳುತ್ತಾರೆ? ಕೇಳುವವರು ಕಡಿಮೆಯಾದರೆ ಕೆಡಿಸುವ ಹಕ್ಕು ಹುಟ್ಟುವುದಿಲ್ಲ. ಅಲ್ಲದೆ ವಿದ್ಯುತ್ ತಂತಿಯ ಮೂಲಕವೇ ಮಾತಾಡುವ ಸ್ಮಾರ್ಟ್ ಮೀಟರ್‌ಗಳು ಬಳಸುವುದು 500 ಕಿಲೋಹರ್ಟ್ಸ್‌ಗಿಂತ ಕೆಳಗಿನ ಪಟ್ಟಿಯನ್ನು. ಅದೇ ತಂತಿಗೆ ಡ್ರೈವರ್ ಗದ್ದಲ ಸುರಿಯುತ್ತದೆ.

ಗದ್ದಲದ ಹುಟ್ಟು ಬೇರೆ ಕಡೆ ಇದೆ. ಕ್ಷಣಾರ್ಧದೊಳಗೆ ನೂರಾರು ವೋಲ್ಟ್ ಜಿಗಿಯುವ ಮಾಸ್‌ಫೆಟ್‌ನಿಂದ, ಎಲ್‌ಇಡಿ ಬೋರ್ಡಿಗೂ ಹೀಟ್‌ಸಿಂಕ್‌ಗೂ ನಡುವಿನ ಕೆಪಾಸಿಟನ್ಸ್ ದಾಟಿ, ಕಾಮನ್ ಮೋಡ್ ಕರೆಂಟ್ ಹೊರಬೀಳುತ್ತದೆ. ಅದನ್ನು ತಡೆಯಬೇಕಾದದ್ದು ಚಿಕ್ಕ ಲೂಪ್, ಸ್ನಬ್ಬರ್, ವೈ ಕೆಪಾಸಿಟರ್ ಮತ್ತು ಯಾರೂ ಹಾಡಿ ಹೊಗಳದ ಕಾಮನ್ ಮೋಡ್ ಚೋಕ್. ಬಲ್ಬಿನ ಕ್ಯಾಪಿನೊಳಗೆ ಜಾಗವಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೀದಿದೀಪದ ಡ್ರೈವರ್‌ಗೆ ಆ ನೆಪ ಸಲ್ಲದು. ಅಲ್ಲಿ ಚೋಕ್ ಕಿತ್ತು ಆವರ್ತನ ಓಲಾಡಿಸುವುದು ಉಳಿತಾಯವಲ್ಲ, ಹೊಣೆ ಜಾರಿಸುವುದು. ಮೊದಲು ಫಿಲ್ಟರ್, ಆಮೇಲೆ ಬೇಕಿದ್ದರೆ ಸ್ಪ್ರೆಡ್ ಸ್ಪೆಕ್ಟ್ರಮ್. ಈ ಕ್ರಮ ತಲೆಕೆಳಗಾದ ಡ್ರೈವರ್ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಒಳ್ಳೆಯ ವಿನ್ಯಾಸವಲ್ಲ.